ನಕ್ಷತ್ರ ತೆಗೆದ ದೇವರು

ಬನ್ನಂಜೆ, ಉಡುಪಿ
12 ಜನವರಿ 2025

ಪ್ರಿಯ ವಿಜೇತಾ,

ನಾನು ಸ್ಟ್ಯಾನಿಸ್ಲಾಸ್ ಮಿನೇಜಸ್. ಕುಕ್ಕುಂದೂರಿನಲ್ಲಿ ನಿನ್ನ ಅಜ್ಜಿ ಚಂಪಕ್ಕನ ಗದ್ದೆಯ ಆಚೆ ಬದಿಯಲ್ಲಿರುವ ಬರ್ತಾಳ ಅಣ್ಣ. ಸಣ್ಣವಳಿದ್ದಾಗ ನಮ್ಮ ಪೇರಳೆ ಮರದಿಂದ ಬಿದ್ದು, ಅಳದೆ ಎದ್ದು, ಹಣ್ಣನ್ನೂ ಬಿಡದೆ ಹೋದವಳು ನೀನು, ನಾನು ಮರೆತಿಲ್ಲ. ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಆಯುಷ್ಯವೆಲ್ಲ ಕರಡು ತಿದ್ದಿದವನು ನಾನು. ಬರ್ತಾ ನಿನ್ನ ಫೋನ್ ನಂಬರ್ ಕೊಟ್ಟಿದ್ದಾಳೆ. ಆದರೆ ವಾಟ್ಸ್ಯಾಪಿನಲ್ಲಿ ನಾನು ಜಗಳ ಮಾಡುವುದಿಲ್ಲ. ಜಗಳಕ್ಕೂ ಒಂದು ಮರ್ಯಾದೆ ಉಂಟು. ಅದಕ್ಕೆ ಕಾಗದ ಬೇಕು, ಅಂಚೆಚೀಟಿ ಬೇಕು, ನಡುವೆ ಸ್ವಲ್ಪ ದೂರ ಬೇಕು.

ಊರಿನ ಯುವಕ ಮಂಡಲಕ್ಕೆ ಬೆಳ್ಳಿಹಬ್ಬ. ಅಧ್ಯಕ್ಷ ವಿಕಾಸ್, ಮಸ್ಕತ್‌ನಲ್ಲಿ ದುಡಿದು ಬಂದು ಈಗ ಕಾಪುವಿನ ಕಡಲಬದಿಯಲ್ಲಿ ರೆಸಾರ್ಟ್ ನಡೆಸುವವನು, ಸ್ಮರಣ ಸಂಚಿಕೆಯ ಕರಡನ್ನು ನನ್ನ ಮೇಜಿನ ಮೇಲಿಟ್ಟು, "ಅಂಕಲ್, ನಿಮ್ಮ ಕಣ್ಣಿನ ಕೆಳಗೆ ಒಂದು ಸಲ ಹೋದರೆ ಸಾಕು, ಮುದ್ರಾರಾಕ್ಷಸ ಗೇಟಿನಿಂದಲೇ ಓಡ್ತದೆ" ಎಂದ. ನೋಡಿದರೆ ಮುಕ್ಕಾಲು ಪಾಲು ಶುಭಾಶಯ ಕೋರುವವರ ಫೋಟೋಗಳು. ಶುಭಾಶಯ ಕೋರುವಾಗ ನಮ್ಮವರಿಗೆ ಕೂಲಿಂಗ್ ಗ್ಲಾಸ್ ಯಾಕೆ ಬೇಕು ಎಂದು ನನಗೆ ಈವರೆಗೆ ಅರ್ಥವಾಗಿಲ್ಲ. ಓದುವಂಥದ್ದು ಒಂದೇ, ನಿನ್ನ ಲೇಖನ.

ಬರವಣಿಗೆ ಚೆನ್ನಾಗಿದೆ, ಒಪ್ಪಿದೆ. ಐದಾರು ಸಾವಿರ ವರ್ಷಗಳ ಹಿಂದೆ ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲಿನಲ್ಲಿ ಇದ್ದಿರಬಹುದಾದ ಜನ. ಒಂದಕ್ಷರ ಬರೆದಿಡದೆ ಹೋದವರು. ಅವರ ಮಾತು ಒಡೆದು ಸಂಸ್ಕೃತ, ಗ್ರೀಕ್, ಲ್ಯಾಟಿನ್, ನೀನೀಗ ಇರುವ ಲಿಥುವೇನಿಯಾದ ಭಾಷೆ, ಕೊನೆಗೆ ನನ್ನ ಕೊಂಕಣಿಯವರೆಗೆ ಬಂತು. ಈ ಭಾಷೆಗಳ ದೇವರ ಹೆಸರು, ಹಾಡು, ಆಚಾರಗಳನ್ನು ಪಕ್ಕಪಕ್ಕದಲ್ಲಿಟ್ಟು ಆ ಮೂಲದವರ ಧರ್ಮ ಹೇಗಿತ್ತೆಂದು ಮತ್ತೆ ಕಟ್ಟುವುದು ನಿನ್ನ ಕೆಲಸ. "ಮೊಮ್ಮಕ್ಕಳ ಮೂಗುಗಳನ್ನು ನೋಡಿ ಕಾಣದ ಅಜ್ಜಿಯ ಮೂಗು ಬರೆದ ಹಾಗೆ" ಎಂಬ ನಿನ್ನ ವಾಕ್ಯಕ್ಕೆ ನಾನು ಕೈ ಹಾಕಲಿಲ್ಲ.

ಆದರೆ ಎರಡು ತಕರಾರು.

ಒಂದು, ಸಿಕ್ಕಸಿಕ್ಕ ದೇವರ ಹೆಸರಿನ ಹಿಂದೆ ನೀನೊಂದು ನಕ್ಷತ್ರ ಚಿಹ್ನೆ ಹಾಕಿದ್ದೀ. ನಕ್ಷತ್ರ ಇದ್ದಮೇಲೆ ಪುಟದ ಬುಡದಲ್ಲಿ ಅಡಿಟಿಪ್ಪಣಿ ಇರಬೇಕು. ಹುಡುಕಿದೆ, ಒಂದೂ ಇಲ್ಲ. ಎಲ್ಲ ನಕ್ಷತ್ರಗಳನ್ನೂ ತೆಗೆದಿದ್ದೇನೆ. "ಇರಬಹುದೇನೋ", "ಬಹುಶಃ" ಎಂಬ ಕಳೆಯನ್ನೂ ಕಿತ್ತಿದ್ದೇನೆ. ಸಂಶಯದ ಗದ್ಯ ಸೊರಗಿದ ಗದ್ಯ.

ಎರಡು, ಕೊನೆಗೆ ನಮ್ಮ ಕಲ್ಲನ್ನು ತಂದದ್ದು. ಎರಡು ಮನೆಗಳ ಗಡಿಯಲ್ಲಿ ಮುರಕಲ್ಲಿನ ಬಂಡೆಗೆ ಒರಗಿ ನಿಂತ ಆ ಕಲ್ಲು. ಹೊಸ ಅಕ್ಕಿಯ ದಿನ ಎರಡೂ ಮನೆಯವರು ಅದರ ತಲೆಯ ಮೇಲೆ ಒಂದೊಂದು ತೆನೆ ಇಟ್ಟು, ಬೆಲ್ಲ ನೀರು ಇಟ್ಟು, ಮೊದಲ ಎಲೆಯನ್ನು ದಾರಿಯಲ್ಲಿ ಬಂದ ಮೊದಲನೆಯವನಿಗೆ ಬಡಿಸುವುದು. ಹೆಸರು ಕೇಳುವಂತಿಲ್ಲ. ಉಂಡವನು ಮುಂದಿನ ವರ್ಷ ತನ್ನ ಕೈಯಿಂದ ಬೆಳೆಸಿದ ಒಂದು ತೆನೆ ತಂದಿಡಬೇಕು. ಒಂದು ವರ್ಷ ನಮ್ಮ ಮನೆ, ಒಂದು ವರ್ಷ ನಿಮ್ಮ ಮನೆ. ದಾರಿಯವನ ಎಲೆ. ನಿನ್ನ ಅಜ್ಜಿಯ ತುಳು ನಿನ್ನ ಹುಲ್ಲುಗಾವಲಿನವರ ವಂಶದ್ದಲ್ಲ, ದ್ರಾವಿಡದ್ದು. ಮತ್ತೆ ಈ ಎಲೆಯನ್ನು ಅವರ ಖಾತೆಗೆ ಬರೆಯಲಿಕ್ಕೆ ನಿನಗೆ ಯಾರು ಹೇಳಿದ್ದು?

ಸಂಚಿಕೆಯ ಪ್ರತಿ ಜೊತೆಗಿದೆ. ಒಂದೂ ತಪ್ಪಿಲ್ಲ. ಹುಡುಕಿ ನೋಡು.

ಸ್ಟ್ಯಾನಿಸ್ಲಾಸ್ ಮಿನೇಜಸ್


ವಿಲ್ನಿಯಸ್
4 ಫೆಬ್ರವರಿ 2025

ಪ್ರೀತಿಯ ಸ್ಟ್ಯಾನಿ ಮಾಮ,

ಇಲ್ಲಿ ಹಿಮ ಮೊಣಕಾಲಿಗೆ ಬಂದಿದೆ. ನಿಮ್ಮ ಲಕೋಟೆ ಒಡೆದಾಗ ನಿಮ್ಮ ಮನೆಯ ಹಳೆಯ ಪುಸ್ತಕದ ಕಪಾಟಿನ ವಾಸನೆ ಬಂತು. ಸಂತೋಷದಿಂದ ಸಂಚಿಕೆ ತೆರೆದೆ. ಆಮೇಲೆ ನಕ್ಷತ್ರಗಳನ್ನು ಹುಡುಕಿದೆ, ಒಂದೂ ಇಲ್ಲ.

ಮಾಮ, ಆ ನಕ್ಷತ್ರ ಅಡಿಟಿಪ್ಪಣಿಯದ್ದಲ್ಲ. ನಮ್ಮ ಕೆಲಸದಲ್ಲಿ ಅದಕ್ಕೆ ಒಂದೇ ಅರ್ಥ: ಇದು ಎಲ್ಲಿಯೂ ಬರೆದು ಸಿಕ್ಕಿದ್ದಲ್ಲ, ನಾವು ಊಹಿಸಿ ಕಟ್ಟಿದ್ದು. ಗ್ರೀಕರಲ್ಲಿ ಆಕಾಶದ ತಂದೆ ಇದ್ದಾನೆ, ರೋಮಿನವರಲ್ಲಿ ಇದ್ದಾನೆ, ನಮ್ಮ ವೈದಿಕ ಮಂತ್ರಗಳಲ್ಲಿ ಒಬ್ಬ ದ್ಯೌಸ್ ಇದ್ದಾನೆ. ಅವರೆಲ್ಲರ ಹಿಂದೆ ಒಬ್ಬ *ದ್ಯೇವುಸ್ ಪತೇರ್ ಇದ್ದಿರಬೇಕು. ಆ "ಇದ್ದಿರಬೇಕು" ಎಂಬುದೇ ನಕ್ಷತ್ರ. ಅದನ್ನು ತೆಗೆದರೆ ನಾನು ಆ ದೇವರನ್ನು ಕಾರ್ಕಳ ಬಸ್‌ಸ್ಟ್ಯಾಂಡಿನಲ್ಲಿ ಕಂಡು ಮಾತಾಡಿ ಬಂದ ಹಾಗಾಗುತ್ತದೆ. ನಾನು ಬರೆದ ಕೊನೆಯ ಸಾಲು "ದಾರಿಯವನ ಎಲೆಯ ಹಿಂದೆ ಅತಿಥಿಯನ್ನು ಕಾಯುವ ಆ ಆಕಾಶದ ತಂದೆಯ ನೆನಪು ಇರಬಹುದೇನೋ, ಇಲ್ಲದೆಯೂ ಇರಬಹುದು" ಎಂದಿತ್ತು. ಈಗ "ಆಕಾಶದ ತಂದೆಯ ನೆನಪು ಇದೆ" ಎಂದು ಇದೆ. ಚುಟುಕಾಗಿದೆ, ಒಪ್ಪುತ್ತೇನೆ.

ಖಾತೆಯ ವಿಷಯ ಹೇಳುತ್ತೇನೆ. ಇಲ್ಲಿಗೆ ಬಂದ ಮೊದಲ ವರ್ಷ, ಡಿಸೆಂಬರ್ ಇಪ್ಪತ್ನಾಲ್ಕರ ಸಂಜೆ ಬಾಡಿಗೆ ಮನೆಯ ಯಜಮಾನಿಗೆ ಕೀಲಿಕೈ ಕೊಡಲು ಕೆಳಗೆ ಹೋದೆ. ಅವರ ಮನೆಯಲ್ಲಿ ಕ್ರಿಸ್‌ಮಸ್ ಹಿಂದಿನ ದಿನದ ಊಟ, ಮಾಂಸ ಇಲ್ಲ. ಮೇಜಿನ ಮೇಲೆ ಒಂದು ತಟ್ಟೆ ಖಾಲಿ ಇತ್ತು. ಬಾರದವರಿಗೆ, ಸತ್ತವರಿಗೆ ಎಂದು ಇಡುವುದಂತೆ. ಮುದುಕಿ ನನ್ನ ಕೈ ಹಿಡಿದು ಆ ತಟ್ಟೆಯ ಮುಂದೆ ಕೂರಿಸಿದರು. ನನ್ನ ಹೆಸರು ಅವರಿಗೆ ಉಚ್ಚರಿಸಲು ಬರುವುದಿಲ್ಲ. ಆದ್ದರಿಂದ ಅವರು ಹೆಸರು ಕರೆಯುವುದೇ ಇಲ್ಲ. ಅಜ್ಜಿಯ ಎಲೆ ನೆನಪಾಯಿತು. ಈ ಎರಡಕ್ಕೂ ಸಂಬಂಧ ಉಂಟಾ? ನನಗೆ ಗೊತ್ತಿಲ್ಲ. ಅದಕ್ಕೇ ನಕ್ಷತ್ರ.

ಸಂಚಿಕೆ ಬಿಡುಗಡೆಯಾಗುವ ಮೊದಲು ಒಂದು ತಿದ್ದೋಲೆ ಅಂಟಿಸಲು ಸಾಧ್ಯವೇ? ನನ್ನ ಸಂಶೋಧನೆ ಚೆನ್ನಾಗಿ ನಡೆಯುತ್ತಿದೆ. ಅಜ್ಜಿ ಕೇಳಿದರೆ ಹಾಗೆಯೇ ಹೇಳಿ.

ನಿಮ್ಮ
ವಿಜೇತಾ


ಬನ್ನಂಜೆ
10 ಫೆಬ್ರವರಿ 2025

ವಿಜೇತಾ,

ನಿನ್ನಿಂದ ಉತ್ತರ ಬಂದಿಲ್ಲ. ಈಗಿನ ಮಕ್ಕಳಿಗೆ ಉತ್ತರ ಎಂದರೆ ಹೆಬ್ಬೆರಳಿನ ಚಿತ್ರ.

ನಿನ್ನೆ ಬೆಳ್ಳಿಹಬ್ಬ ಆಯಿತು. ವೇದಿಕೆಯ ಹಿಂದೆ ಫ್ಲೆಕ್ಸಿನಲ್ಲಿ ನಿನ್ನ ಮುಖ, ಎಮ್ಮೆಯ ಗಾತ್ರದಲ್ಲಿ. ವಿಕಾಸ್ ಮೈಕ್ ಹಿಡಿದು ಹೇಳಿದ್ದು ಕೇಳು: "ನಮ್ಮೂರಿನ ಹೆಣ್ಣುಮಗಳು ಯುರೋಪಿನಲ್ಲಿ ಕೂತು ಸಾಬೀತು ಮಾಡಿದ್ದಾರೆ, ಕುಕ್ಕುಂದೂರಿನ ಕಲ್ಲು ಯಾವುದೋ ಕಾಡುಕಲ್ಲು ಅಲ್ಲ, ಆರು ಸಾವಿರ ವರ್ಷದ ಆಕಾಶ ಪಿತನ ಸ್ಥಾನ! ಆ ಜಾಗದಲ್ಲಿ ಗುಡಿ ಕಟ್ಟುವುದು, ಕಾರ್ಕಳದ ಶಿಲ್ಪಿಯಿಂದ ಕೃಷ್ಣಶಿಲೆಯ ಮೂರ್ತಿ ಮಾಡಿಸುವುದು, ಹಳೆಯ ಕಲ್ಲನ್ನು ಗೌರವದಿಂದ ಗಾಜಿನ ಪೆಟ್ಟಿಗೆಯಲ್ಲಿ ಇಡುವುದು." ಚಪ್ಪಾಳೆಯೋ ಚಪ್ಪಾಳೆ.

ಗೌರವದಿಂದ! ನನಗೆ ಮರೆವಿನ ಕಾಯಿಲೆ ಇಲ್ಲ ವಿಜೇತಾ. ಹೆದ್ದಾರಿ ಬದಿಯ ಇನ್ನೊಂದು ಕಲ್ಲಿಗೆ ಏನಾಯಿತೆಂದು ಈ ಕಣ್ಣಲ್ಲಿ ನೋಡಿದ್ದೇನೆ. ಮೊದಲು ಟೈಲ್ಸ್ ಬಂತು. ಆಮೇಲೆ ಗ್ರಿಲ್ ಬಂತು. ಆಮೇಲೆ ಬೀಗ, ಬೀಗಕ್ಕೆ ಸಮಯ, ಸಮಯಕ್ಕೊಂದು ಬೋರ್ಡು. ನೆರಳಿಗೆ ಅಲ್ಲಿ ಬುಟ್ಟಿ ಇಳಿಸುತ್ತಿದ್ದ ಮೀನಿನ ಹೆಂಗಸರು ಈಗ ಬಿಸಿಲಲ್ಲಿ ನಿಲ್ಲುತ್ತಾರೆ.

ನೀನು ಬರೆದೆ, ಅವನು ಕಟ್ಟುತ್ತಾನೆ. ಓದಿದವರು ಕಿಡಿ ಹಾರಿಸಿ ಹಿಮದ ದೇಶದಲ್ಲಿ ತಣ್ಣಗೆ ಕೂತುಕೊಳ್ಳುವುದು ನನಗೆ ಹೊಸದಲ್ಲ.

ಸ್ಟ್ಯಾನಿಸ್ಲಾಸ್


ಬನ್ನಂಜೆ
26 ಫೆಬ್ರವರಿ 2025

ವಿಜೇತಾ,

ನಿನ್ನ ಫೆಬ್ರವರಿ ನಾಲ್ಕರ ಪತ್ರ ಇವತ್ತು ಬಂತು. ನನ್ನ ಹತ್ತರ ಪತ್ರ ಅದನ್ನು ದಾರಿಯಲ್ಲಿ ದಾಟಿ ಹೋಗಿರಬೇಕು. ಅದನ್ನು ಓದಿದ್ದರೆ ಕೊನೆಯ ಪ್ಯಾರಾ ಹೊಡೆದುಹಾಕು.

ನಕ್ಷತ್ರದ ಅರ್ಥ ಹೇಳಬೇಕಾದ್ದು ಬರೆದವರ ಕರ್ತವ್ಯ. ಅದನ್ನು ಕೇಳಬೇಕಾದ್ದು ತಿದ್ದುವವನ ಕರ್ತವ್ಯ. ನೀನು ನಿನ್ನದನ್ನು ಮಾಡಲಿಲ್ಲ, ನಾನು ನನ್ನದನ್ನು ಮಾಡಲಿಲ್ಲ. ಲೆಕ್ಕ ಸಮ.

ತಿದ್ದೋಲೆಗೆ ಸಮಯ ಮೀರಿತು. ಬೇರೆ ದಾರಿ ನೋಡುತ್ತೇನೆ. ವಿಕಾಸನಿಗೆ ನೀನೇ ಎರಡು ಸಾಲು ಬರೆ. ನನ್ನ ಮಾತಿಗಿಂತ ಆ ಎಮ್ಮೆ ಗಾತ್ರದ ಫೋಟೋದ ಮಾತು ಅವನಿಗೆ ಕೇಳುತ್ತದೆ.

ಸ್ಟ್ಯಾನಿ ಮಾಮ


ಬನ್ನಂಜೆ
22 ಏಪ್ರಿಲ್ 2025

ವಿಜೇತಾ,

ಮತ್ತೆ ಮೌನ. ಈ ಸಲ ಅಂಚೆಯವರನ್ನು ದೂರಲು ನನಗೆ ಮನಸ್ಸಿಲ್ಲ.

ನಾನು ಹೇಳಿದ ಬೇರೆ ದಾರಿ ಏನೆಂದು ಹೇಳುತ್ತೇನೆ. ಕೆಂಪು ಶಾಯಿಯ ಪೆನ್ನು ಹಿಡಿದು ಕುಕ್ಕುಂದೂರಿನಲ್ಲಿ ಮನೆಮನೆಗೆ ಹೋಗುತ್ತಿದ್ದೇನೆ. ಸಂಚಿಕೆ ಇದ್ದವರಲ್ಲಿ ಕೇಳಿ, ನಿನ್ನ ಪುಟ ಬಿಡಿಸಿ, ಒಂದೊಂದೇ ನಕ್ಷತ್ರವನ್ನು ಅದರ ಜಾಗದಲ್ಲಿ ಕೂರಿಸುತ್ತಿದ್ದೇನೆ. ಕೆಲವರು ಚಹಾ ಕೊಡುತ್ತಾರೆ. ಕೆಲವರು, ನಮ್ಮ ಕ್ರೈಸ್ತರನ್ನು ಊರಿನಲ್ಲಿ ಕರೆಯುವ ಹಾಗೆ, "ಎಂತ ಪೊರ್ಬುಗಳೇ, ದೇವರ ಮೇಲೆ ಮಾರ್ಕು ಹಾಕುವುದಾ?" ಎಂದು ಕೇಳುತ್ತಾರೆ. ಒಬ್ಬಳು ಸಂಚಿಕೆಯನ್ನು ಗ್ರೈಂಡರಿನ ಕಾಲಿನ ಕೆಳಗೆ ಇಟ್ಟಿದ್ದಳು. ಎತ್ತಿ, ನಕ್ಷತ್ರ ಹಾಕಿ, ಮತ್ತೆ ಅಲ್ಲೇ ಇಟ್ಟು ಬಂದೆ.

ಇನ್ನೊಂದು ಸುದ್ದಿ. ವಿಕಾಸ್ ಕಾರ್ಕಳದ ಶಿಲ್ಪಿ ಬಳಿಗೆ ಹೋದ. ಶಿಲ್ಪಿ ಕಲ್ಲು ತರಿಸಿದ್ದಾನೆ, ಉಳಿ ಮುಟ್ಟಿಸಿಲ್ಲ. ನಾನು ಆಗ ಅಲ್ಲಿದ್ದೆ, ಕರೆಯದೆ.

"ಧ್ಯಾನ ಶ್ಲೋಕ ಕೊಡಿ" ಎಂದ ಶಿಲ್ಪಿ.

"ಅದೆಂತ?" ಎಂದ ವಿಕಾಸ್.

"ದೇವರು ಹೇಗಿದ್ದಾನೆಂದು ಹೇಳುವ ಶ್ಲೋಕ ಧಣಿ. ಕೈ ಎರಡೋ ನಾಲ್ಕೋ? ಕೈಯಲ್ಲಿ ಎಂತ ಉಂಟು? ನಿಂತದ್ದೋ ಕೂತದ್ದೋ? ವಾಹನ ಯಾವುದು? ಇದು ಗೊತ್ತಿಲ್ಲದೆ ನಾನು ಉಳಿ ಇಡುವುದಿಲ್ಲ. ನಮ್ಮಲ್ಲಿ ಹಾಗೆ ಇಡುವ ಕ್ರಮ ಇಲ್ಲ."

"ಆಕಾಶದ ದೇವರು ಮಾರಾಯ್ರೆ, ಕೈ ಇರ್ತದೆ ಅಲ್ವಾ!"

"ಆಕಾಶಕ್ಕೆ ಕೈ ನಾನಂತೂ ನೋಡ್ಲಿಲ್ಲ."

ವಿಕಾಸ್ ನಿನಗೆ ಈಮೇಲ್ ಮಾಡುತ್ತೇನೆಂದು ಅಲ್ಲೇ ಫೋನ್ ತೆಗೆದ. ಮಾಡಿರಬೇಕು. ನೀನು ಅವನಿಗೆ ಉತ್ತರ ಕೊಟ್ಟು ನನಗೆ ಕೊಡದೆ ಇದ್ದೀಯೋ ಎಂಬುದೇ ನನ್ನ ಈಗಿನ ಸಂಶಯ. ಗುಡಿಯ ಕಲ್ಲಿನಲ್ಲಿ ನಿನ್ನ ಹೆಸರು ಕೆತ್ತಿಸುತ್ತಾನಂತೆ. ಅಭಿನಂದನೆಗಳು.

ಎಸ್. ಮಿನೇಜಸ್


ವಿಲ್ನಿಯಸ್
14 ಮೇ 2025

ಸ್ಟ್ಯಾನಿ ಮಾಮ,

ನಿಮ್ಮ ಸಿಟ್ಟು ನ್ಯಾಯದ್ದೇ, ಆದರೆ ಕಾರಣ ನೀವು ಎಣಿಸಿದ್ದಲ್ಲ.

ಫೆಬ್ರವರಿಯಲ್ಲಿ "ಚೆನ್ನಾಗಿ ನಡೆಯುತ್ತಿದೆ" ಎಂದು ಬರೆದೆನಲ್ಲ, ಅದರ ಹಿಂದಿನ ವಾರವೇ ನನ್ನ ಪ್ರಬಂಧದ ಮುಖ್ಯ ಅಧ್ಯಾಯ ಹಿಂದಕ್ಕೆ ಬಂದಿತ್ತು. ಅತಿಥಿ ಧರ್ಮದ ಅಧ್ಯಾಯ. ಆ ಜನರ ದೇವರುಗಳಿಗಿಂತ ಗಟ್ಟಿಯಾಗಿ ನಮಗೆ ಸಿಗುವುದು ಅವರ ಒಂದು ಕಟ್ಟಳೆ, ಬಂದವನಿಗೆ ಕೊಡಬೇಕು, ಪಡೆದವನು ತಿರುಗಿ ಕೊಡಬೇಕು ಎಂಬುದು. ಹಾಗೆಂದು ನಾನು ವಾದಿಸಿದ್ದೆ. ನನ್ನ ಮಾರ್ಗದರ್ಶಕರು ಅಂಚಿನಲ್ಲಿ ಬರೆದದ್ದು ಒಂದೇ ಸಾಲು: "ಸಂಶಯ ಹೆಚ್ಚು, ತೀರ್ಮಾನ ಕಡಿಮೆ." ಮಾರ್ಚಿನಲ್ಲಿ ಎಲ್ಲ ಬಿಟ್ಟು ಊರಿಗೆ ಬರುವುದೆಂದು ಪೆಟ್ಟಿಗೆ ತುಂಬಿಸಿದೆ. ಪತ್ರಗಳನ್ನು ಒಡೆಯಲೇ ಇಲ್ಲ.

ಏಪ್ರಿಲಿನಲ್ಲಿ ವಿಕಾಸಣ್ಣನ ಈಮೇಲ್ ಬಂತು. "ಮೇಡಂ, ದೇವರಿಗೆ ಕೈ ಎಷ್ಟು? ನೀವು ಹೇಳಿದ್ದೇ ಫೈನಲ್." ನಗಬೇಡಿ ಮಾಮ. ನಾಲ್ಕು ವರ್ಷಗಳಲ್ಲಿ ನನ್ನ ಮಾತನ್ನು ಪೂರ್ತಿ ನಂಬಿದ ಮೊದಲ ಮನುಷ್ಯ ಆತ. ಅದೂ ನೀವು ನಕ್ಷತ್ರ ತೆಗೆದದ್ದರಿಂದ.

ಉತ್ತರ ಬರೆಯಲು ಕುಳಿತೆ. ಎರಡು ಕೈ, ಎಂದೆ. ಬಲಗೈಯಲ್ಲಿ ಸಿಡಿಲು. ಅದು ಗ್ರೀಕರದ್ದು, ಇಲ್ಲಿಯವರಲ್ಲಿ ಸಿಡಿಲಿನ ದೇವರೇ ಬೇರೆ. ಗಡ್ಡ ಕೊಟ್ಟೆ. ಅದು ರೋಮಿನ ಪ್ರತಿಮೆಗಳದ್ದು. ಹಿಂದೆ ಪ್ರಭಾವಳಿ ಇಟ್ಟೆ. ಅದು ಅಜ್ಜಿಯ ಮನೆಯ ಕ್ಯಾಲೆಂಡರಿನದ್ದು. ಒಂದು ಪುಟ ತುಂಬುವಷ್ಟರಲ್ಲಿ ದೇವರು ಎದ್ದು ನಿಂತಿದ್ದ, ಚೆಂದವಾಗಿಯೇ ಇದ್ದ. ಆತನ ಮೈಯಲ್ಲಿ ಆ ಹುಲ್ಲುಗಾವಲಿನವರದು ಎನ್ನುವಂಥದ್ದು ಒಂದೂ ಇರಲಿಲ್ಲ. ಎಲ್ಲ ಅಳಿಸಿದೆ. ಆಮೇಲೆ ಬರೆದದ್ದು ಇಷ್ಟೇ: "ವಿಕಾಸಣ್ಣ, ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಆತನಿಗೆ ಹೆಸರಿದೆ, ಅದೂ ಊಹೆಯದ್ದು. ಮುಖ ಇಲ್ಲ. ಆ ಕಲ್ಲಿಗೂ ಆತನಿಗೂ ಸಂಬಂಧ ಇದೆ ಎಂದು ನಾನು ಹೇಳಿಲ್ಲ. ದಯವಿಟ್ಟು ಕಲ್ಲನ್ನು ಕದಲಿಸಬೇಡಿ."

ಈ ಬೆಳಿಗ್ಗೆ ಕಳಿಸಿದೆ. ಪೆಟ್ಟಿಗೆಯನ್ನೂ ಬಿಚ್ಚಿದೆ. ಅಜ್ಜಿಗೆ ಇದಾವುದನ್ನೂ ಹೇಳುವುದು ಬೇಡ.

ವಿಜೇತಾ

ನೀವು ಗ್ರೈಂಡರಿನ ಕೆಳಗೆ ಹಾಕಿ ಬಂದ ನಕ್ಷತ್ರವನ್ನು ದಿನವೂ ನೆನೆಸಿಕೊಳ್ಳುತ್ತೇನೆ.


ಬನ್ನಂಜೆ
8 ಜೂನ್ 2025

ಮಗಳೇ,

ನಿನ್ನ ಗುರುಗಳಿಗೆ ಇಂಗ್ಲಿಷಿನಲ್ಲಿ ಮೂರು ಪುಟದ ಪತ್ರ ಬರೆದಿದ್ದೆ. ಸಂಶಯ ಹೆಚ್ಚಿರುವುದು ದೋಷವಲ್ಲ, ಅದು ಶೀಲ ಎಂದು. ಬರ್ತಾ ಅಂಚೆಗೆ ಹಾಕಲು ಬಿಡಲಿಲ್ಲ. "ಹುಡುಗಿಯ ಹೊಟ್ಟೆಗೆ ಹೊಡೆಯುವುದಾ ನೀನು?" ಎಂದಳು. ಪತ್ರ ನನ್ನ ಮೇಜಿನಲ್ಲಿ ಉಂಟು. ಒಳ್ಳೆಯ ಪತ್ರ.

ನಿನ್ನ ಈಮೇಲಿನಿಂದ ವಿಕಾಸ್ ನಿಲ್ಲಲಿಲ್ಲ. "ಈ ತಜ್ಞರಿಗೆ ಗೊತ್ತಿಲ್ಲದಿದ್ದರೆ ಗೊತ್ತಿರುವ ತಜ್ಞರನ್ನು ಕೇಳುವ" ಎಂದಿದ್ದಾನೆ. ಅವನು ಕೆಟ್ಟವನಲ್ಲ. ಅವನಪ್ಪ ಸತ್ತಾಗ ಅವನು ಮಸ್ಕತ್‌ನಲ್ಲಿ ರಜೆ ಸಿಗದೆ ಕೂತಿದ್ದ. ಅಂದಿನಿಂದ ಊರಿನಲ್ಲಿ ಏನಾದರೂ ಒಂದು ಕಟ್ಟಬೇಕೆಂದು ಅವನಿಗೆ ಹಟ. ಗಾಜಿನ ಪೆಟ್ಟಿಗೆಗೆ ಹೇಳಿ ಆಗಿದೆ. ಮಳೆ ಬಿಟ್ಟ ಮೇಲೆ ಅಳತೆಗೆ ಬರುತ್ತಾನೆ.

ಇಲ್ಲಿ ಉಳಿದದ್ದೆಲ್ಲ ಸೌಖ್ಯ.

ಸ್ಟ್ಯಾನಿ ಮಾಮ


ವಿಲ್ನಿಯಸ್
19 ಜುಲೈ 2025

ಪ್ರೀತಿಯ ಮಾಮ,

"ಉಳಿದದ್ದೆಲ್ಲ ಸೌಖ್ಯ" ಎಂದು ಬರೆದಿರಿ. ಅಜ್ಜಿ ಫೋನಿನಲ್ಲಿ ಬೇರೆ ಹೇಳಿದರು. ಈ ವರ್ಷ ಕಲ್ಲಿಗೆ ತೆನೆ ತರುವುದು ಬೇಡ, ಇನ್ನು ಮುಂದೆ ಅದು ಗುಡಿಯ ಜಾಗ, ನಿಮಗೆ ನಿಮ್ಮ ಇಗರ್ಜಿ, ನಿಮ್ಮ ಪಾದ್ರಿ ಉಂಟಲ್ಲ ಎಂದು ಸಮಿತಿಯ ಕೆಲವರು ಬರ್ತಾ ಆಂಟಿಗೆ ಹೇಳಿ ಹೋದರಂತೆ. ನೀವೂ ಅಲ್ಲಿದ್ದಿರಂತೆ. ಒಂದು ಮಾತೂ ಆಡದೆ ಒಳಗೆ ಹೋದಿರಂತೆ.

ಬಸ್ಸು ತಡವಾದರೆ ಪತ್ರಿಕೆಗೆ ಬರೆಯುವವರು ನೀವು. ಇದನ್ನು ನನಗೂ ಬರೆಯಲಿಲ್ಲ.

ಅಜ್ಜಿ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಬರ್ತಾಳ ತೆನೆ ಇಲ್ಲದಿದ್ದರೆ ನನ್ನದೂ ಇಲ್ಲ. ಕಲ್ಲಿಗೆ ಉಪವಾಸ. ಆಮೇಲೆ ನೋಡುವ."

ಇದಕ್ಕೆ ಮೂಲ ನನ್ನ ಲೇಖನ. ಯಾವ ನಕ್ಷತ್ರ ಹಾಕಿದರೂ ನನಗೆ ಅದು ಅಳಿಸುವುದಿಲ್ಲ.

ವಿಜೇತಾ


ಕುಕ್ಕುಂದೂರು, ಬರ್ತಾಳ ಮನೆಯಿಂದ
9 ಸೆಪ್ಟೆಂಬರ್ 2025

ಪ್ರೀತಿಯ ವಿಜೇತಾ,

ನಿನ್ನ ಜುಲೈ ಪತ್ರಕ್ಕೆ ಉತ್ತರ ಬರೆಯಲು ಮೂರು ಸಲ ಕುಳಿತು ಎದ್ದೆ. ಬೇರೆಯವರಿಗೆ ಆದ ಅನ್ಯಾಯಕ್ಕೆ ನನ್ನ ಬಳಿ ಪದಗಳಿವೆ. ನನಗೆ ಆದದ್ದಕ್ಕೆ ಸಿಗುವುದಿಲ್ಲ. ಹುಟ್ಟಿದ ಮನೆಯ ಅಂಗಳದಲ್ಲಿ ನಿಂತು "ನಿಮಗೆ ನಿಮ್ಮದು ಉಂಟಲ್ಲ" ಎಂಬ ಮಾತು ಕೇಳಿದಾಗ ತಿದ್ದಲಿಕ್ಕೆ ತಪ್ಪು ಎಲ್ಲಿದೆ ಎಂದೇ ತಿಳಿಯಲಿಲ್ಲ. ಅಷ್ಟೇ. ಆ ವಿಷಯ ಮುಗಿಯಿತು. ಹೇಗೆ ಮುಗಿಯಿತೆಂದು ಕೇಳು.

ನಿನ್ನೆ ಮೋಂತಿ ಹಬ್ಬ. ನಮ್ಮ ಇಗರ್ಜಿಯಲ್ಲಿ ಹೊಸ ತೆನೆ ಆಶೀರ್ವಾದವಾಗುವ ದಿನ. ನಮಗೆ ಅಂದು ಮೀನು ಮಾಂಸ ಇಲ್ಲ. ಅದಕ್ಕೇ ನಮ್ಮ ಹಿರಿಯರೂ ನಿಮ್ಮ ಹಿರಿಯರೂ ಒಂದೇ ಎಲೆಗೆ ಆ ದಿನವನ್ನು ಆರಿಸಿರಬೇಕು. (ಇದು ನನ್ನ ಊಹೆ. ನಕ್ಷತ್ರ ಹಾಕಿಕೋ.) ಎಲೆಯ ಸರದಿ ಈ ವರ್ಷ ನಮ್ಮ ಮನೆಯದು. ಬರ್ತಾ ಪೂಜೆಯಿಂದ ಬಂದವಳು ತನ್ನ ತೆನೆಯನ್ನು ಮನೆಯೊಳಗೆ ದೇವರ ಆಲ್ತಾರಿನ ಮುಂದಿಟ್ಟು ಬಾಗಿಲು ಹಾಕಿದಳು. ಮಳೆ ಆಗಷ್ಟೇ ಬಿಟ್ಟಿತ್ತು. ನೋಡಿದರೆ ನಿನ್ನ ಅಜ್ಜಿ ಗದ್ದೆಯ ಬದುವಿನ ಮೇಲೆ ಕೋಲೂರಿಕೊಂಡು ಬರುತ್ತಿದ್ದಾರೆ, ಸೆರಗಿನಲ್ಲಿ ತೆನೆ.

"ಬರ್ತಾ! ಬಾಗಿಲು ತೆಗಿ. ಉಪವಾಸದ ಮಾತು ಹೇಳಿದ್ದು ಸಿಟ್ಟಿನಲ್ಲಿ. ಕಲ್ಲು ಎಂತ ಪಾಪ ಮಾಡಿದೆ?"

"ಬೇಡ ಅಂತ ಹೇಳಿದ್ದಾರೆ ಚಂಪಕ್ಕ."

"ಹೇಳಿದವರು ಕಲ್ಲಿನ ಅಪ್ಪನಾ? ನಡಿ."

ಇಬ್ಬರೂ ಹೋಗಿ ಕಲ್ಲಿನ ತಲೆಯ ಮೇಲೆ ತೆನೆ ಇಟ್ಟರು, ಬೆಲ್ಲ ನೀರು ಇಟ್ಟರು. ನಾನು ಹಿಂದೆ ನಿಂತಿದ್ದೆ. ಬರ್ತಾ ಜಗಲಿಯಲ್ಲಿ ಎಲೆ ಹಾಕಿದಳು. ನಿನ್ನ ಅಜ್ಜಿ ಗೇಟಿನ ಬಳಿ ಕುಳಿತು ದಾರಿ ಕಾಯತೊಡಗಿದರು.

ಮೊದಲು ಬಂದದ್ದು ಯಾರೆಂದು ಎಣಿಸುತ್ತೀ? ಬಿಳಿ ಕಾರು. ಇಳಿದವನು ವಿಕಾಸ್, ಕೈಯಲ್ಲಿ ಅಳತೆಯ ಟೇಪು, ಹಿಂದೆ ಶಿಲ್ಪಿ. ಮಳೆ ಬಿಟ್ಟದ್ದನ್ನು ಅವನೂ ನೋಡಿದ್ದ.

"ಬಾ ಮಗಾ" ಎಂದರು ಅಜ್ಜಿ. "ಕಾಲು ತೊಳೆದುಕೋ. ಎಲೆ ಹಾಕಿ ಉಂಟು."

"ಅಜ್ಜಿ, ನಾನು ವಿಕಾಸ್. ಅಳತೆಗೆ ಬಂದದ್ದು."

"ಹೆಸರು ನಾನು ಕೇಳಲಿಲ್ಲ."

"ಅಯ್ಯೋ, ವಿಕಾಸ್ ಅಲ್ವಾ ಅಜ್ಜಿ! ನಿಮಗೆ ಗೊತ್ತುಂಟಲ್ಲ ನನ್ನನ್ನು!"

"ನಿನ್ನ ತೊಟ್ಟಿಲಿಗೆ ಹಗ್ಗ ಕಟ್ಟಿದವಳು ನಾನು. ಆದರೆ ಇವತ್ತು ಎಲೆ ಮಡಚುವವರೆಗೆ ನೀನು ಯಾರೆಂದು ನನಗೆ ಗೊತ್ತಿಲ್ಲ. ಗೊತ್ತಿದ್ದರೆ ನಿನಗೆ ಬಡಿಸಲಿಕ್ಕೆ ನನ್ನಿಂದ ಆಗುತ್ತಿತ್ತಾ ಮಾರಾಯ?"

ವಿಕಾಸನ ಮುಖ ನೀನು ನೋಡಬೇಕಿತ್ತು. ಅವನು ಟೇಪನ್ನು ಕಿಸೆಗೆ ಹಾಕಿದ, ಮತ್ತೆ ತೆಗೆದ, ಮತ್ತೆ ಹಾಕಿದ. ಶಿಲ್ಪಿ ಹಿಂದಿನಿಂದ "ನನಗೆ ಎಲೆ ಇಲ್ಲವಾ ಅಮ್ಮ?" ಎಂದು ಕೇಳಿದ. ಬರ್ತಾ, ಯಾರಿಗೂ ಸೋಲುವವಳಲ್ಲ, "ಎಲೆ ಮೊದಲನೆಯವನಿಗೆ. ಹಿಂದೆ ಬಂದವನಿಗೆ ಪ್ಲೇಟು" ಎಂದಳು.

ತನ್ನ ಸಮಿತಿಯವರು ಕಲ್ಲಿನಿಂದ ದೂರವಿಟ್ಟ ಮನೆಯ ಜಗಲಿಯಲ್ಲಿ ವಿಕಾಸ್ ಚಕ್ಕಳಮಕ್ಕಳ ಹಾಕಿ ಕುಳಿತ. ಬರ್ತಾ ಹೊಸ ಅಕ್ಕಿ ಬಡಿಸಿದಳು, ಕೆಸುವಿನ ದಂಟಿನ ಪದಾರ್ಥ, ಪಾಯಸ ಬಡಿಸಿದಳು. ಅರ್ಧ ಊಟದಲ್ಲಿ ಅವನೇ ತಲೆ ಎತ್ತದೆ ಹೇಳಿದ: "ನನ್ನ ಅಪ್ಪ ಒಂದು ವರ್ಷ ಈ ಎಲೆ ಉಂಡಿದ್ದರು. ಮನೆಗೆ ಬಂದು ಹೇಳಿದ್ದರು."

"ಹೌದು" ಎಂದರು ಅಜ್ಜಿ. "ಮುಂದಿನ ವರ್ಷ ತೆನೆ ತಂದಿಟ್ಟಿದ್ದರು ಕೂಡ. ಗದ್ದೆ ಇರಲಿಲ್ಲ ಅವರಿಗೆ. ಹಟ್ಟಿಯ ಹಿಂದೆ ಒಂದು ಚಾಪೆಯಷ್ಟು ಜಾಗದಲ್ಲಿ ಬೆಳೆಸಿದ್ದು."

ಆಮೇಲೆ ಅವನು ಪಾಯಸ ಎರಡು ಸಲ ಹಾಕಿಸಿಕೊಂಡ. ಎಲೆ ಮಡಚಿ, ಕೈ ತೊಳೆದು, ಕಲ್ಲಿನ ಬಳಿ ಹೋಗಿ ನಿಂತ. ಟೇಪು ತೆಗೆಯಲಿಲ್ಲ. ತಿರುಗಿ ಬಂದು ಬರ್ತಾಳ ಹತ್ತಿರ, "ಆಂಟಿ, ನಮ್ಮವರು ಹೇಳಿದ್ದು ತಪ್ಪಾಯಿತು. ನಾನು ಅಲ್ಲಿರಲಿಲ್ಲ. ಇದ್ದರೂ ಸುಮ್ಮನಿರುತ್ತಿದ್ದೆ" ಎಂದ. ಆ ಎರಡನೆಯ ವಾಕ್ಯಕ್ಕಾಗಿ ನಾನು ಅವನನ್ನು ಮನ್ನಿಸಿದೆ.

"ನನಗೆ ಗದ್ದೆ ಇಲ್ಲ ಅಜ್ಜಿ. ರೆಸಾರ್ಟ್ ಉಂಟು. ತೆನೆ ಎಲ್ಲಿಂದ ತರಲಿ?"

"ಅಲ್ಲಿ ಹುಲ್ಲು ಬೆಳೆಸಿದ್ದೀಯಂತಲ್ಲ, ಯಾವ ದನವೂ ತಿನ್ನದ ಹುಲ್ಲು. ಅದನ್ನು ಕಿತ್ತು ಬಿತ್ತು."

ಶಿಲ್ಪಿ ಪ್ಲೇಟು ಬದಿಗಿಟ್ಟು, "ಹಾಗಾದರೆ ನನ್ನ ಅಂಗಳದಲ್ಲಿ ಬಿದ್ದಿರುವ ಕಲ್ಲು? ಅದಕ್ಕೆ ಕೈ ಎಷ್ಟು ಅಂತ ಈಗಲಾದರೂ ಹೇಳಿ" ಎಂದ. ಎಲ್ಲರೂ ನಕ್ಕರು. ಗುಡಿಯ ಮಾತು ಬಿಟ್ಟು ಆ ಕೃಷ್ಣಶಿಲೆಯನ್ನು ದಾರಿಬದಿಯಲ್ಲಿ ಅಡ್ಡ ಹಾಸಿ ಹೋಗುವವರಿಗೆ ಕೂತುಕೊಳ್ಳಲು ಬಿಡುವುದೆಂದು ತೀರ್ಮಾನವಾಯಿತು. ಅದರ ಮೇಲೆ ಅಪ್ಪನ ಹೆಸರು ಕೆತ್ತಿಸಬೇಕೆಂದು ವಿಕಾಸ್, ಹೆಸರೇ ಬೇಡವೆಂದು ನಾನು. ಜಗಳ ಇನ್ನೂ ನಡೆಯುತ್ತಿದೆ; ಈ ಜಗಳವನ್ನು ಬೇಗ ಮುಗಿಸುವ ಇಚ್ಛೆ ನಮ್ಮಿಬ್ಬರಿಗೂ ಇಲ್ಲ. ಸಮಿತಿಯಲ್ಲಿ ಇಬ್ಬರು ಮುನಿಸಿಕೊಂಡಿದ್ದಾರೆ. ಅವರು ಮುಂದಿನ ವರ್ಷ ಬೇಕೆಂದೇ ಆ ದಾರಿಯಲ್ಲಿ ಮೊದಲು ಬರುವ ಹಾಗೆ ನೋಡಿಕೊಳ್ಳುತ್ತೇನೆಂದು ಬರ್ತಾ ಹೇಳಿದ್ದಾಳೆ.

ವಿಜೇತಾ, ಅಳಿಸುವುದಿಲ್ಲ ಎಂದು ಬರೆದಿದ್ದೀ. ನೀನು ಬರೆದದ್ದರಲ್ಲಿ ಅಳಿಸಬೇಕಾದ್ದು ಏನೂ ಇರಲಿಲ್ಲ. ನಾನು ಅಳಿಸಿದ್ದರಿಂದಲೇ ಎಲ್ಲ ಆದದ್ದು. ನಿನ್ನ ಅಧ್ಯಾಯಕ್ಕೆ ತೀರ್ಮಾನ ಸಾಲದು ಎಂದರಲ್ಲ, ನಿನ್ನೆ ನಡೆದದ್ದನ್ನು ಅವರಿಗೆ ಹೇಳು. ಆರು ಸಾವಿರ ವರ್ಷದ್ದೋ, ಅರವತ್ತು ವರ್ಷದ್ದೋ, ಯಾರ ಖಾತೆಯದ್ದೋ ನನಗೆ ಗೊತ್ತಿಲ್ಲ. ಆದರೆ ಅದು ಕೆಲಸ ಮಾಡುವುದನ್ನು ನಾನು ಹತ್ತಡಿ ದೂರದಲ್ಲಿ ನಿಂತು ನೋಡಿದ್ದೇನೆ.

ಅಜ್ಜಿ ಸಂಜೆ ಕೇಳಿದರು, "ಅವಳು ಎಂದು ಬರುವುದು?" ನಾನು ಧೈರ್ಯ ಮಾಡಿ "ಮುಂದಿನ ತೆನೆಗೆ ಬರುತ್ತಾಳೆ" ಎಂದೆ. ಆ ವಾಕ್ಯದ ಹಿಂದೆ, ಅವರಿಗೆ ಕಾಣದ ಹಾಗೆ, ಒಂದು ನಕ್ಷತ್ರ ಹಾಕಿದ್ದೇನೆ. ತೆಗೆಯುವ ಹಕ್ಕು ಈ ಸಲ ನನಗಿಲ್ಲ.

ನಿನ್ನ
ಸ್ಟ್ಯಾನಿ ಮಾಮ


ವಿಲ್ನಿಯಸ್
3 ಅಕ್ಟೋಬರ್ 2025
(ಚಿತ್ರದ ಕಾರ್ಡು)

ಮಾಮ,

ಅಧ್ಯಾಯ ಮತ್ತೆ ಬರೆದು ಕೊಟ್ಟೆ. *ಈ ಸಲ ಒಪ್ಪುತ್ತಾರೆ.

ಮುಂದಿನ ತೆನೆಗೆ ನಾನು ಊರಿಗೆ ಬರುತ್ತೇನೆ.

ಮೂರನೆಯ ವಾಕ್ಯವನ್ನು ಇದ್ದ ಹಾಗೆಯೇ ಅಜ್ಜಿಗೆ ಓದಿ ಹೇಳಿ. ಏನೂ ತಿದ್ದಬೇಡಿ.

ವಿ.